ತೊಟ್ಟಿಲ ಹಗ್ಗ

ಫೆಬ್ರವರಿ ೬, ೧೯೯೨

ಗುಬ್ಬಿ,

ಇಲ್ಲಿ ನಾನು, ನನ್ನ ಮಂಡಿನೋವು, ರಿಪೇರಿಗೆ ಬಂದು ಕೂತಿರುವ ಹೊಲಿಗೆ ಯಂತ್ರಗಳು, ಎಲ್ಲರೂ ಸೌಖ್ಯ.

ನಿನ್ನ ಕಾಗದ ಓದಿ ಮುಗಿಸುವಷ್ಟರಲ್ಲಿ ಕಾಫಿ ಆರಿ ತಣ್ಣಗಾಗಿತ್ತು. ನಿನ್ನ ಅಮ್ಮ ಹೋದ ಮೇಲೆ ಆ ಶೆಡ್ಡಿನ ಬೀಗ ಯಾರು ತೆಗೆಯುತ್ತಾರೋ, ತೆಗೆದವರು ನೇರವಾಗಿ ಗುಜರಿಯವನನ್ನೇ ಕರೆಯುತ್ತಾರೋ ಎಂದು ಒಳಗೊಳಗೇ ಹೆದರಿದ್ದೆ. ಸದ್ಯ, ನೀನು ತೆಗೆದೆ. ನನ್ನ ಅಣ್ಣನ ಮೋಟಾರ್‌ಸೈಕಲ್ ಗಾಡಿ ಇನ್ನೂ ಇದೆ, ಪಕ್ಕದ ತೊಟ್ಟಿಲೂ ಇದೆ ಎಂದು ಬರೆದಿದ್ದೀಯಲ್ಲ, ಅಷ್ಟು ಸಾಕು ನನಗೆ. ಎಲ್ಲರೂ ಅದನ್ನು ಸೈಡ್‌ಕಾರ್ ಎನ್ನುತ್ತಾರೆ. ನಾನು ಹತ್ತು ವರ್ಷ ಅದರಲ್ಲಿ ಕೂತು ಕುಲುಕಾಡಿದವಳು, ನನಗೆ ಅದು ತೊಟ್ಟಿಲೇ.

ನಿನ್ನ ತಮ್ಮನ ಪಂದ್ಯವನ್ನೂ ಓದಿದೆ. ಯಾರೋ ಹೋಟೆಲಿನವರು ಗಾಡಿಯನ್ನು ಕೊಂಡು ತಮ್ಮ ಮುಂಬಾಗಿಲಲ್ಲಿ ಗಾಜಿನೊಳಗೆ ನಿಲ್ಲಿಸುತ್ತಾರಂತೆ, ಎಣ್ಣೆ ಬಸಿದು, ಚಕ್ರಗಳಿಗೆ ಬೋಲ್ಟು ಬಿಗಿದು. ಜೂನ್ ತಿಂಗಳಿಗೆ ಅವರಿಗೆ ಬೇಕಂತೆ. ಅಷ್ಟರಲ್ಲಿ ಗಾಡಿ ತನ್ನ ಕಾಲ ಮೇಲೆ ತಾನು ಗೇಟು ದಾಟಿ, ತಿರುವಿನ ಬೇಕರಿಯವರೆಗೆ ಹೋಗಿ ಬಂದರೆ ನಿನ್ನದು, ಇಲ್ಲವಾದರೆ ಹೋಟೆಲಿನದು. ಮಹಾರಾಯ, ನಿನ್ನ ಅಪ್ಪ ಹೋದಾಗ ತೊಡೆಯ ಮೇಲಿನ ಕೂಸು ಅವನು. ಅವನಿಗೆ ಆ ಗಾಡಿ ಬರೀ ಕಬ್ಬಿಣ. ಬೈಯಬೇಡ ಅವನನ್ನು, ಗೆದ್ದು ತೋರಿಸು.

ಕಾಗದ ಕೈಗೆ ಬಂದ ಕೂಡಲೇ ಎದುರಿನ ಔಷಧಿ ಅಂಗಡಿಯಿಂದ ನಿನಗೆ ಫೋನು ಮಾಡಿದೆ. ನೀನು ಎತ್ತಿ ‘ಹಲೋ, ಯಾರು, ಯಾರು’ ಎಂದು ಇಟ್ಟುಬಿಟ್ಟೆ. ಮತ್ತೆ ಮಾಡಿದರೆ ಎತ್ತಲೇ ಇಲ್ಲ. ಲೈನು ಸರಿ ಇಲ್ಲ, ಕಾಗದವನ್ನೇ ಬರೆಯಿರಿ ಎನ್ನುತ್ತೀಯ. ಊರಿಗೆಲ್ಲ ಸರಿಯಿರುವ ಲೈನು ನಮಗೆ ಮಾತ್ರ ಹೇಗೆ ಕೆಡುತ್ತದೋ. ಇರಲಿ, ದಿನವಿಡೀ ಊರವರಿಗೆ ಹಲ್ಲಿನ ಸೆಟ್ಟು ಮಾಡುವವಳು ನೀನು, ಕೈ ಬಿಡುವಿರುವುದಿಲ್ಲ. ನನಗೂ ಬರೆಯುವುದೇ ಇಷ್ಟ. ಎಣ್ಣೆ ಡಬ್ಬಿಗಳ ಮೇಲಿನ ಹೆಸರು, ದಾರಿಯ ಮೈಲಿಗಲ್ಲು ಓದುತ್ತ ಓದುತ್ತಲೇ ಅಕ್ಷರ ಕಲಿತವಳು ನಾನು. ಶಾಲೆಯ ಮೇಷ್ಟರು ನನ್ನ ಕೈಬರಹ ನೋಡದೇ ಹೋದದ್ದು ಅವರ ಪುಣ್ಯ.

ಈಗ ಕೆಲಸದ ಮಾತು. ಗಾಡಿಯನ್ನು ಒದೆಯಬೇಡ. ಮೂವತ್ತು ವರ್ಷ ಮಲಗಿದವರನ್ನು ಒದ್ದು ಎಬ್ಬಿಸುವುದು ಸಭ್ಯತೆಯಲ್ಲ. ಎಂಜಿನ್ನಿನಲ್ಲಿ ಎರಡು ಸಿಲಿಂಡರು, ಎರಡು ಬೆರಳು ಅಗಲಿಸಿ ಹಿಡಿದ ಹಾಗೆ ನಿಂತಿವೆ. ಎರಡರ ತಲೆಯ ಮೇಲಿನ ಪ್ಲಗ್ಗನ್ನೂ ಬಿಚ್ಚು. ಒಂದೊಂದು ಚಮಚ ಎಣ್ಣೆ ಬಿಡು. ಒಂದು ವಾರ ಅದರ ತಂಟೆಗೆ ಹೋಗಬೇಡ. ಆಮೇಲೆ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸು. ತಿರುಗಿದರೆ ಬದುಕಿದೆ ಎಂದರ್ಥ.

ತಿರುಗಿತೋ ಇಲ್ಲವೋ ಬರೆ.

ನಿನ್ನ ಅತ್ತೆ

*

ಫೆಬ್ರವರಿ ೨೧

ಅತ್ತೆ,

ತಿರುಗಿತು. ಮೊದಲು ಹಟ ಹಿಡಿದ ಕೂಸಿನ ಹಾಗೆ ಬಿಗಿದುಕೊಂಡಿತ್ತು, ಆಮೇಲೆ ಒಳಗೆ ಏನೋ ನಿಟ್ಟುಸಿರು ಬಿಟ್ಟಂತಾಗಿ ಸಡಿಲವಾಯಿತು. ನಿಮ್ಮ ಕಾಗದವನ್ನು ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ತಮ್ಮ ಅದನ್ನು ನೋಡಿ, “ಡಾಕ್ಟರ ಚೀಟೀನಾ ಅಕ್ಕಾ? ರೋಗಿ ಉಳಿಯೋದು ಡೌಟು,” ಎಂದು ಹೋದ.

ಕೆಲಸ ಮುಗಿಸಿ ಬಂದು ಸಂಜೆ ಬೆಳಕಿರುವಷ್ಟು ಹೊತ್ತು ಒರೆಸುತ್ತೇನೆ. ಹಲ್ಲಿನ ಅಂಗಡಿಯ ಸಣ್ಣ ಅರಗಳು, ಕೊಕ್ಕೆಗಳು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತಿವೆ. ಕಾರ್ಬುರೇಟರಿನ ಸೂಜಿತೂತನ್ನು ಹಲ್ಲುಸಂದಿಯ ಕೊಕ್ಕೆಯಿಂದ ಬಿಡಿಸಿದೆ. ಒರೆಸಿದಷ್ಟೂ ಪ್ರಶ್ನೆಗಳು ಹುಟ್ಟುತ್ತಿವೆ.

ಇದು ಬೆಳೆದು ದೊಡ್ಡದಾದ ಸೈಕಲ್ಲಿನಂತೆ ಕಾಣುತ್ತದೆ. ಮುಂದಿನ ಚಕ್ರಕ್ಕೆ ಸ್ಪ್ರಿಂಗ್ ಇದೆ, ಸೀಟಿನ ಕೆಳಗೆ ಇದೆ, ಹಿಂದಿನ ಚಕ್ರಕ್ಕೆ ಇಲ್ಲವೇ ಇಲ್ಲ. ಬೆನ್ನುಮೂಳೆಗೆ ಏನಾಗುತ್ತಿತ್ತು? ತಗಡಿನ ಟ್ರಂಕಿನಂಥ ಟ್ಯಾಂಕಿನೊಳಗೆ ಒಂದು ಗೋಡೆ: ಒಂದು ಕಡೆ ಪೆಟ್ರೋಲು, ಇನ್ನೊಂದು ಕಡೆ ಎಣ್ಣೆ. ಮೇಲೆ ಒಂದು ಹಿತ್ತಾಳೆಯ ಪಂಪು, ಕೈಯಿಂದ ಒತ್ತುವಂಥದು. ಎಂಜಿನ್ನಿಗೆ ಹೋದ ಎಣ್ಣೆ ಹಿಂದೆ ಬರುವ ದಾರಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಹಾಗಾದರೆ ಅದು ಹೋಗುವುದೆಲ್ಲಿಗೆ? ದೀಪದೊಳಗೆ ಬಲ್ಬೂ ಇಲ್ಲ, ವೈರೂ ಇಲ್ಲ. ಹ್ಯಾಂಡಲ್ಲಿನ ಮೇಲೆ ಮೂರು ಪುಟ್ಟ ಲಿವರುಗಳಿವೆ, ಯಾವುದು ಯಾವುದಕ್ಕೆ?

ಇನ್ನೊಂದು. ತೊಟ್ಟಿಲಿನ ಬಲ ಅಂಚಿನಲ್ಲಿ ಒಂದು ಹಿತ್ತಾಳೆಯ ಉಂಗುರ ಕೂರಿಸಿದ್ದಾರೆ. ಒಳಭಾಗ ಸವೆದು ನುಣುಪಾಗಿದೆ. ಅದು ಏತಕ್ಕೆ?

ಎಣ್ಣೆ ಸಾಕೋ ಸಾಲದೋ ಎಂದು ತಿಳಿಯುವುದು ಹೇಗೆ ಎಂಬುದನ್ನೂ ಬರೆಯಿರಿ. ಗೇಜು ಅಂತೂ ಇಲ್ಲ.

ಅಪ್ಪನದೆಂದು ನನಗಿರುವುದು ಎರಡೇ ನೆನಪು ಅತ್ತೆ. ಒಂದು, ಈ ಟ್ಯಾಂಕಿನ ಮೇಲೆ ನನ್ನನ್ನು ಕೂರಿಸಿಕೊಂಡು ನನ್ನ ನೆತ್ತಿಗೆ ಗಲ್ಲ ಊರುತ್ತಿದ್ದದ್ದು. ಗಡ್ಡ ಚುಚ್ಚುತ್ತಿತ್ತು. ಇನ್ನೊಂದು ಅಷ್ಟು ಒಳ್ಳೆಯದಲ್ಲ, ಬಿಡಿ.

ಗುಬ್ಬಿ

*

ಮಾರ್ಚ್ ೨

ಗುಬ್ಬಿ,

ಒಂದು ಕಾಗದದಲ್ಲಿ ಇಷ್ಟು ಪ್ರಶ್ನೆ ಕೇಳುವವಳನ್ನು ಅಣ್ಣ ನೋಡಿದ್ದರೆ ಎದೆ ಉಬ್ಬಿಸಿ ಓಡಾಡುತ್ತಿದ್ದ. ಒಂದೊಂದಾಗಿ ಹೇಳುತ್ತೇನೆ.

ಬೆನ್ನುಮೂಳೆಗೆ ಏನಾಗುತ್ತಿತ್ತು ಎಂದೆಯಲ್ಲ, ಏನಾಗಬೇಕೋ ಅದೇ ಆಗುತ್ತಿತ್ತು. ರಾತ್ರಿ ತಂಗಿದ ಕಡೆ ಅಣ್ಣ ಮಂಚ ಬಿಟ್ಟು ನೆಲದ ಮೇಲೆ ಮಲಗುತ್ತಿದ್ದ. ತೊಟ್ಟಿಲಿಗೆ ಅಡ್ಡಪಟ್ಟಿಯ ಸ್ಪ್ರಿಂಗ್ ಇದ್ದದ್ದರಿಂದ ನಾನು ಬಚಾವು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಯಂತ್ರ ಸರಿಮಾಡುವುದು ಅವನ ಕೆಲಸ. ಒಂದು ಸುತ್ತಿಗೆ ಹೊರಟರೆ ತಿಂಗಳು ಹಿಡಿಯುತ್ತಿತ್ತು. ಸಾಮಾನೆಲ್ಲ ನನ್ನ ಕಾಲಡಿಯಲ್ಲಿ, ತೂಕದ ಕಲ್ಲುಗಳು ನನ್ನ ತೊಡೆಯ ಮೇಲೆ. ನನ್ನ ಮಂಡಿನೋವಿನ ಮೂಲ ಹುಡುಕಲು ಡಾಕ್ಟರು ಬೇಕಿಲ್ಲ.

ದೀಪದೊಳಗೆ ಕಾರ್ಬೈಡಿನ ಚೂರು ಹಾಕಿ, ಮೇಲಿನ ಡಬ್ಬಿಯಿಂದ ನೀರು ತೊಟ್ಟಿಕ್ಕಿಸಬೇಕು. ಗ್ಯಾಸು ಹುಟ್ಟುತ್ತದೆ. ಕಡ್ಡಿ ಗೀರಿದರೆ ಬಿಳಿ ಬೆಳಕು. ವಾಸನೆ ಮಾತ್ರ ಕೊಳೆತ ಬೆಳ್ಳುಳ್ಳಿಯದು.

ಮೂರು ಲಿವರುಗಳಲ್ಲಿ ಒಂದು ಗಾಳಿಗೆ, ಒಂದು ಪೆಟ್ರೋಲಿಗೆ. ಮೂರನೆಯದು ಕಿಡಿಗೆ, ಅದೇ ಇಡೀ ಗಾಡಿಯ ಬುದ್ಧಿ. ಉಯ್ಯಾಲೆ ತೂಗುವಾಗ ಹಿಂದೆ ಬಂದ ಹಲಗೆಯನ್ನು ಯಾವ ಗಳಿಗೆಯಲ್ಲಿ ತಳ್ಳಬೇಕೆಂದು ನಿನ್ನ ಕೈಗೆ ಗೊತ್ತಿರುತ್ತದಲ್ಲ, ಸಿಲಿಂಡರಿನೊಳಗೆ ಕಿಡಿ ಹಾರುವುದೂ ಹಾಗೆ. ವೇಗದಲ್ಲಿದ್ದಾಗ ಕೊಂಚ ಮುಂಚೆ ಹಾರಬೇಕು, ದಿಬ್ಬ ಹತ್ತುವಾಗ ಕೊಂಚ ತಡವಾಗಿ. ಈಗಿನ ಗಾಡಿಗಳು ಅದನ್ನು ತಾವೇ ನೋಡಿಕೊಳ್ಳುತ್ತವೆ. ಇದಕ್ಕೆ ನೀನೇ ಹೇಳಿಕೊಡಬೇಕು, ಇಡೀ ದಾರಿ. ಹಚ್ಚುವಾಗ ಕಿಡಿ ತಡವಾಗಿರಲಿ, ಗಾಳಿ ಮುಚ್ಚಿರಲಿ.

ಎಣ್ಣೆ ಎಲ್ಲಿಗೂ ಹಿಂದಿರುಗುವುದಿಲ್ಲ. ಈ ಗಾಡಿ ತಿಂದದ್ದನ್ನು ಅರಗಿಸಿಕೊಂಡು ಮಿಕ್ಕಿದ್ದನ್ನು ಹೊಗೆಯಾಗಿ ಬಿಟ್ಟು, ರಸ್ತೆಗೆ ಚೆಲ್ಲಿ ಮುಂದೆ ಹೋಗುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಪಂಪು ಒತ್ತುತ್ತ ಉಣಿಸಬೇಕು. ಸಾಕೋ ಸಾಲದೋ ಎಂದು ತಿಳಿಯುವುದು ಬಹಳ ಸುಲಭ, ಕಿವಿ ಕೊಟ್ಟು ಕೇಳು. ಹೊಟ್ಟೆ ತುಂಬಿದಾಗ ಅದರ ದನಿ ದಪ್ಪ. ಹಸಿದಾಗ ಒಣಗುತ್ತದೆ, ತಗಡು ತಗಡಾಗುತ್ತದೆ. ಒಂದು ಸಲ ಕೇಳಿದರೆ ಮರೆಯುವುದಿಲ್ಲ.

ತೊಟ್ಟಿಲಿನ ಉಂಗುರ ಛತ್ರಿ ಕಟ್ಟಿಕೊಳ್ಳಲು.

ಆ ಇನ್ನೊಂದು ನೆನಪು ಯಾವುದು? ಒಳ್ಳೆಯದಲ್ಲದ್ದನ್ನೇ ಹೇಳಿಬಿಡಬೇಕು, ಇಟ್ಟುಕೊಂಡರೆ ತುಕ್ಕು ಹಿಡಿಯುತ್ತದೆ.

ಅತ್ತೆ

*

ಮಾರ್ಚ್ ೧೬

ಅತ್ತೆ,

ಸ್ಟಾರ್ಟ್ ಆಯಿತು. ಆದರೆ ಖುಷಿ ಪಡುವಂತಿಲ್ಲ.

ಭಾನುವಾರ ಬೆಳಿಗ್ಗೆ ನೀವು ಹೇಳಿದ ಹಾಗೇ ಕಿಡಿಯನ್ನು ತಡವಾಗಿಟ್ಟು, ಗಾಳಿ ಮುಚ್ಚಿ, ಒದ್ದೆ. ಎಷ್ಟನೆಯದೋ ಒದೆತಕ್ಕೆ ಹತ್ತಿತು. ಇಡೀ ಶೆಡ್ಡು ನಡುಗಿತು. ನಾನು ನಗುತ್ತ ನಿಂತುಬಿಟ್ಟೆ. ಕೊಂಚ ಹೊತ್ತಾದ ಮೇಲೆ ತಮ್ಮ ಅಂಗಳದಿಂದ ಓಡಿಬಂದು ನನ್ನನ್ನು ಪಕ್ಕಕ್ಕೆ ತಳ್ಳಿ ಎಂಜಿನ್ ಆರಿಸಿದ. “ಏನಕ್ಕಾ ನೀನು, ಟಿನ್ನಿನಲ್ಲಿ ಗೋಲಿ ಹಾಕಿ ಕುಲುಕಿದ ಹಾಗೆ ಬಡ್ಕೊಳ್ತಾ ಇದೆ, ಪಕ್ಕದಲ್ಲೇ ನಿಂತು ನಗ್ತಿದ್ದೀಯಲ್ಲ,” ಎಂದ. ಬೇರೇನೋ ಯೋಚಿಸುತ್ತಿದ್ದೆ ಎಂದೆ. ಪಂಪು ಒತ್ತುವುದನ್ನು ಮರೆತಿದ್ದೆ. ಸಿಲಿಂಡರು ಮುಟ್ಟಲಾಗದಷ್ಟು ಕಾದಿತ್ತು. ಆರಿದ ಮೇಲೆ ತಿರುಗಿಸಿ ನೋಡಿದೆ, ಸದ್ಯ ಕಚ್ಚಿಕೊಂಡಿಲ್ಲ. ಇನ್ನೊಂದು ಸಲ ಹೀಗಾದರೆ ಕಚ್ಚಿಕೊಳ್ಳುತ್ತದೆ ಎಂದು ಕಾಣುತ್ತದೆ. ಆಮೇಲೆ ಹೋಟೆಲಿನವರಿಗೇ ಒಪ್ಪಿಸಬೇಕು, ಅವರಿಗೆ ಓಡದಿದ್ದರೂ ನಡೆಯುತ್ತದೆ.

ಸದ್ದು ಕೇಳುವುದನ್ನು ಬಿಟ್ಟು ಬೇರೆ ಯಾವ ದಾರಿಯಿಂದ ತಿಳಿಯಬಹುದು ಅತ್ತೆ? ಹೊಗೆಯ ಬಣ್ಣ? ವಾಸನೆ? ಪಾದದ ಕೆಳಗಿನ ನಡುಕ? ದಯವಿಟ್ಟು ಇದೊಂದಕ್ಕೆ ಸರಿಯಾಗಿ ಉತ್ತರ ಬರೆಯಿರಿ.

ಅಪ್ಪನ ತೊಗಲಿನ ಕೋಟು ಸಿಕ್ಕಿತು. ಎಡ ತೋಳಿನಲ್ಲಿ, ಮೊಣಕೈಗೆ ಮೇಲೆ, ಅಂಥದೇ ಹಿತ್ತಾಳೆ ಉಂಗುರ ಹೊಲಿದಿದೆ. ತೋಳಿಗೆ ಯಾರೂ ಛತ್ರಿ ಕಟ್ಟಿಕೊಳ್ಳುವುದಿಲ್ಲ.

ಗುಬ್ಬಿ

*

ಮಾರ್ಚ್ ೨೫

ಗುಬ್ಬಿ,

ಕಿವಿ ಎಲ್ಲಿಟ್ಟಿದ್ದೆ ಮಾರಾಯ್ತಿ? ಪಕ್ಕದ ಬೀದಿಯವರಿಗೂ ಕೇಳಿಸುವ ಬಡಿತ ಅದು. ಬೇರೇನೋ ಯೋಚಿಸುತ್ತಿದ್ದೆಯಂತೆ. ಎಂಜಿನ್ ನಡೆಯುವಾಗ ಬೇರೆ ಯೋಚನೆ ಇರಬಾರದು. ಹೊಗೆಯ ಬಣ್ಣ, ವಾಸನೆ ಎಲ್ಲ ಆಮೇಲಿನ ಮಾತು. ಹೊಗೆ ನಿನ್ನ ಹಿಂದೆ ಹೋಗುತ್ತದೆ, ನೀನು ನೋಡುವುದು ಮುಂದೆ. ಬಣ್ಣ ಬದಲಾದದ್ದು ಗೊತ್ತಾಗುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಕೇಳುವುದು ಕಲಿ. ಸೋಮಾರಿತನ ಬೇಡ.

ಒಂದು ಸಲ ಗುಡ್ಡದ ರಸ್ತೆ ಹತ್ತುತ್ತಿದ್ದೆವು. ತೂಕದ ಕಲ್ಲುಗಳ ಪೆಟ್ಟಿಗೆ ತುಂಬಿತ್ತು, ನಾನೂ ಆಗ ಈಗಿನಂತೆ ಕಡ್ಡಿಯಾಗಿರಲಿಲ್ಲ. ಅರ್ಧ ಹತ್ತಿದ್ದೇವೆ, ಎಂಜಿನ್ನಿನೊಳಗೆ ಸಣ್ಣ ಸುತ್ತಿಗೆಯಿಂದ ಕುಟ್ಟಿದ ಹಾಗೆ ಸದ್ದು ಶುರುವಾಯಿತು. ಕಿಡಿ ಮುಂಚೆ ಹಾರುತ್ತಿದೆ ಎಂದರ್ಥ. ನಾನು ಎರಡು ಸಲ ಎಳೆದೆ. ಅಣ್ಣ ಲಿವರ್ ಹಿಂದಕ್ಕೆ ತಂದ. ಸದ್ದು ನಿಂತಿತು. ಮೇಲೆ ಹೋಗಿ ನಿಲ್ಲಿಸಿ ಇಬ್ಬರೂ ಒಂದೂ ಮಾತಾಡದೆ ಕೂತೆವು. ಕೆಳಗೆ ಇಡೀ ಬಯಲು. ಅಂಥ ಮೌನ ಎಂಜಿನ್ ಆರಿಸಿದ ಮೇಲೆ ಮಾತ್ರ ಸಿಗುವಂಥದು.

ಕೋಟಿನ ಉಂಗುರದ ವಿಷಯ ನನಗೆ ನೆನಪಿಲ್ಲ.

ಮುಂದಿನ ಭಾನುವಾರ ಗಮನವಿಟ್ಟು ಇನ್ನೊಮ್ಮೆ ಹಚ್ಚು.

ಅತ್ತೆ

*

ಏಪ್ರಿಲ್ ೨೨

ಗುಬ್ಬಿ,

ನಿನ್ನ ಕಾಗದವಿಲ್ಲ. ಅಂಚೆಯವನು ನನ್ನ ಮುಖ ನೋಡಿ ಈಗ ಬೀದಿಯ ಆಚೆ ಬದಿಯಿಂದ ನಡೆಯುತ್ತಿದ್ದಾನೆ. ಬೈದದ್ದಕ್ಕೆ ಕೋಪವೇ? ನಾನು ಹೊಲಿಗೆ ಯಂತ್ರಗಳನ್ನೂ ಬೈಯುತ್ತೇನೆ, ಅವು ಮಾರನೆಯ ದಿನ ಸುಮ್ಮನೆ ಓಡುತ್ತವೆ. ಎಂಜಿನ್ ಕಚ್ಚಿಕೊಂಡಿತೇ? ಕಚ್ಚಿಕೊಂಡಿದ್ದರೆ ಅದನ್ನಾದರೂ ಬರೆ. ಎಲ್ಲದಕ್ಕೂ ಒಂದು ದಾರಿಯಿದೆ.

ಫೋನು ಮಾಡಿದೆ. ಎತ್ತಲಿಲ್ಲ.

ಅತ್ತೆ

*

ಮೇ ೩

ಅತ್ತೆ,

ಕೋಪ ಬಂದಿತ್ತು, ಈಗಿಲ್ಲ. ಎಂಜಿನ್ ಕಚ್ಚಿಕೊಂಡಿಲ್ಲ. ಬೈದು ಬರೆದ ನಿಮ್ಮ ಕಾಗದ ಬಂದ ದಿನವೇ ಹೋಟೆಲಿನವರಿಗೆ ಒಪ್ಪಿಸಿಬಿಡು ಎಂದು ತಮ್ಮನಿಗೆ ಹೇಳಿದ್ದೆ. ಅವನೇ, “ಇಷ್ಟು ಬೇಗ ಸೋತರೆ ಪಂದ್ಯದಲ್ಲಿ ಏನು ಮಜಾ,” ಎಂದು ತಡೆದ.

ಸಾಮಾನು ತೆಗೆದಿಡೋಣವೆಂದು ತೊಟ್ಟಿಲಿನ ಸೀಟು ಎತ್ತಿದೆ. ಅಡಿಯಲ್ಲಿ ಸಲಕರಣೆ ಪೆಟ್ಟಿಗೆ, ಅದರಲ್ಲಿ ಉದ್ದನೆಯ ಒಂದು ಸ್ಕ್ರೂಡ್ರೈವರ್, ಮರದ ಹಿಡಿಯದು. ಹಿಡಿಯ ತುದಿ ಎರಡೂ ಕಡೆ ಜಗಿದಂತಿತ್ತು. ಇಲಿ ಎಂದುಕೊಂಡೆ. ಬೆಳಕಿಗೆ ಹಿಡಿದೆ. ಇಲಿಯಲ್ಲ, ಮನುಷ್ಯರ ಹಲ್ಲು. ನನಗೆ ಬೇರೇನೂ ತಿಳಿಯದಿದ್ದರೂ ಹಲ್ಲು ತಿಳಿಯುತ್ತದೆ ಅತ್ತೆ, ದಿನಾ ನನ್ನ ಕೈಯಲ್ಲಿ ಯಾರದಾದರೂ ಬಾಯಿ ಇರುತ್ತದೆ.

ಕೈ ಖಾಲಿಯಿಲ್ಲದಾಗ ಸಲಕರಣೆ ಕಚ್ಚಿ ಹಿಡಿಯುವವರು ಅಡ್ಡ ಹಿಡಿಯುತ್ತಾರೆ. ಇದು ಹಾಗಲ್ಲ. ಹಿಡಿಯ ತುದಿಯನ್ನು ನೇರವಾಗಿ ಬಾಯೊಳಗಿಟ್ಟು ಮುಂಭಾಗದ ಹಲ್ಲುಗಳಿಂದ ಕಚ್ಚಿದ್ದಾರೆ, ಕಬ್ಬಿಣದ ಮೊನೆ ಎದುರಿಗೆ ಚಾಚಿರುವ ಹಾಗೆ. ಒಂದು ಸಲವಲ್ಲ, ವರ್ಷಗಟ್ಟಲೆ, ಅದೇ ಜಾಗದಲ್ಲಿ. ಅಂಗಡಿಗೆ ಒಯ್ದು ಪ್ಲಾಸ್ಟರಿನಲ್ಲಿ ಅಚ್ಚು ತೆಗೆದೆ. ಮೇಲಿನ ಎಡ ಕೋರೆಹಲ್ಲು ಕೊಂಚ ಒಳಕ್ಕೆ ತಿರುಗಿದೆ. ಕೆಲಸ ಕಲಿಯುವಾಗ ತೆಗೆದಿದ್ದ ನನ್ನ ಬಾಯಿಯ ಅಚ್ಚು ಕಪಾಟಿನಲ್ಲಿತ್ತು. ಪಕ್ಕದಲ್ಲಿಟ್ಟೆ. ಅದೇ ಹಲ್ಲು, ಅದೇ ತಿರುವು. ಅಪ್ಪನ ಫೋಟೋದಲ್ಲಿ ಅವರು ಬಾಯಿ ಮುಚ್ಚಿಕೊಂಡಿದ್ದಾರೆ. ಅವರ ನಗು ನನ್ನದೇ ಎಂದು ನನಗೆ ಆ ಸಂಜೆಯವರೆಗೆ ಗೊತ್ತಿರಲಿಲ್ಲ.

ಮೊನೆ ಎದುರಿಗೆ ಚಾಚಿಕೊಂಡು ಏನು ಮಾಡುತ್ತಿದ್ದರು? ಮಾಡಿ ನೋಡಿದರೆ ತಿಳಿಯುತ್ತದೆ ಎಂದುಕೊಂಡೆ. ಎಂಜಿನ್ ಹಚ್ಚಿದೆ, ಈ ಸಲ ಎಣ್ಣೆ ಒತ್ತಿಯೇ. ಮಂಡಿಯೂರಿ ಕೂತು, ಹಿಡಿಯನ್ನು ಕಚ್ಚಿಕೊಂಡು, ಮೊನೆಯನ್ನು ಎಂಜಿನ್ನಿನ ಹೊಟ್ಟೆಗೆ ಒತ್ತಿದೆ.

ಕೇಳಿಸಿತು ಅತ್ತೆ. ಎರಡು ಸಿಲಿಂಡರುಗಳ ಬಡಿತ ಬೇರೆ ಬೇರೆಯಾಗಿ, ವಾಲ್ವುಗಳ ಟಕಟಕ, ಅಡಿಯಲ್ಲೆಲ್ಲೋ ಹಲ್ಲುಚಕ್ರಗಳ ಗುನುಗು. ತಲೆಬುರುಡೆಯ ಒಳಗೇ ಯಾರೋ ಗಾಡಿ ನಡೆಸಿದ ಹಾಗೆ. ಪಂಪು ಒತ್ತಿದೆ, ದನಿ ದಪ್ಪವಾಯಿತು. ನೀವು ಬರೆದ ಹಾಗೇ.

ನಾನು ನಿಮಗೆ ಹೇಳದೆ ಬಿಟ್ಟದ್ದು ಇದು. ಎರಡು ವರ್ಷದಿಂದ ನನಗೆ ಕಿವಿ ಕೇಳಿಸುವುದು ಕಡಿಮೆಯಾಗುತ್ತ ಬಂದಿದೆ. ಎದುರಿಗಿದ್ದವರ ತುಟಿ ನೋಡಿ ನಿಭಾಯಿಸುತ್ತೇನೆ. ಫೋನಿಗೆ ತುಟಿಯಿಲ್ಲ. ಅಂಗಡಿಯ ಯಜಮಾನರಿಗೂ ತಮ್ಮನಿಗೂ ಹೇಳಿಲ್ಲ. ಡಾಕ್ಟರು, ಕಿವಿಯೊಳಗಿನ ಒಂದು ಸಣ್ಣ ಎಲುಬು ಗಟ್ಟಿಯಾಗಿ ಅಲುಗಾಡುವುದು ನಿಂತಿದೆ, ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಯಾರಿಗೂ ಇಲ್ಲ ಎಂದೆ.

ಈಗ ನನ್ನ ಇನ್ನೊಂದು ನೆನಪು. ಅಪ್ಪ ಇದೇ ಶೆಡ್ಡಿನಲ್ಲಿ ನನಗೆ ಬೆನ್ನು ಮಾಡಿ ಗಾಡಿಯ ಕೆಲಸ ಮಾಡುತ್ತಿದ್ದಾರೆ. ನಾನು ಬಾಗಿಲಲ್ಲಿ ನಿಂತು ಅಪ್ಪಾ, ಅಪ್ಪಾ ಎಂದು ಕರೆಯುತ್ತಿದ್ದೇನೆ. ಅವರು ತಿರುಗಲಿಲ್ಲ. ಕರೆದು ಕರೆದು ನಾನು ಒಳಗೆ ಹೋದೆ. ಅಪ್ಪನಿಗೆ ನಾನು ಬೇಕಿಲ್ಲ ಎಂದುಕೊಂಡೆ. ಅದನ್ನೇ ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ.

ಗುಡ್ಡದ ರಸ್ತೆಯಲ್ಲಿ ನೀವು ಎರಡು ಸಲ ಎಳೆದಿರಿ ಎಂದು ಬರೆದಿದ್ದೀರಿ. ಏನನ್ನು ಎಳೆದಿರಿ ಅತ್ತೆ?

ಗುಬ್ಬಿ

*

ಮೇ ೯

ನನ್ನ ಬಂಗಾರಾ,

ಹಗ್ಗವನ್ನು. ತೊಟ್ಟಿಲಿನ ಉಂಗುರದಲ್ಲಿ ತೂರಿಸಿ ಅವನ ತೋಳಿನ ಉಂಗುರಕ್ಕೆ ಕಟ್ಟಿದ ಹಗ್ಗವನ್ನು ಎಳೆದೆ. ಛತ್ರಿಯಂತೆ, ಛತ್ರಿ. ಹಲ್ಲು ಓದುವವಳ ಮುಂದೆ ನನ್ನ ಸುಳ್ಳು ನಿಂತೀತೇ?

ಅಣ್ಣನಿಗೆ ಇಪ್ಪತ್ತೈದು ತುಂಬುವಾಗ ಶುರುವಾಯಿತು. ಮೊದಲು ಹಕ್ಕಿಗಳು ಹೋದವು, ಆಮೇಲೆ ಮಾತು. ನಮ್ಮ ಅಮ್ಮನಿಗೂ, ಅಂದರೆ ನಿನ್ನ ಅಜ್ಜಿಗೂ, ಮುದುಕಿಯಾಗುವ ಮೊದಲೇ ಹೀಗಾಗಿತ್ತು. ಇದನ್ನು ಡಾಕ್ಟರಿಗೆ ಹೇಳು, ಮರೆಯಬೇಡ. ಕಿವಿ ಕೇಳದವನಿಗೆ ಲೈಸೆನ್ಸು ಉಳಿಯುತ್ತಿರಲಿಲ್ಲ, ಲೈಸೆನ್ಸಿಲ್ಲದೆ ಕೆಲಸ ಉಳಿಯುತ್ತಿರಲಿಲ್ಲ. ಗಾಡಿಯನ್ನು ಅವನು ಬಲ್ಲ, ದಾರಿಯನ್ನು ಬಲ್ಲ, ಆದರೆ ಈ ಗಾಡಿಗೆ ಕಿವಿ ಬೇಕು. ಹೊಸ ಗಾಡಿ ಕೊಳ್ಳುವ ಶಕ್ತಿಯಿಲ್ಲ. ಆಗ ನಾನು, “ಕಿವಿ ತಾನೇ, ನನ್ನ ಹತ್ರ ಎರಡಿದೆ, ತೊಟ್ಟಿಲಲ್ಲಿ ಹಾಕ್ಕೊಂಡು ಹೋಗು,” ಎಂದೆ. ಊರವರು ತಂಗಿಯನ್ನು ಸಹಾಯಕ್ಕೆ ಕರೆದೊಯ್ಯುತ್ತಾನೆ ಎಂದರು. ನಿಜವೇ ಆಗಿತ್ತು.

ಒಂದು ಸಲ ಎಳೆದರೆ ಎಣ್ಣೆ ಒತ್ತು. ಎರಡು ಸಲವಾದರೆ ಕಿಡಿ ತಡಮಾಡು. ಮೂರಾದರೆ ನಿಲ್ಲಿಸು. ಉದ್ದಕ್ಕೆ ಎಳೆದು ಹಿಡಿದರೆ ಹಿಂದಿನಿಂದ ಯಾರೋ ಹಾರನ್ ಮಾಡುತ್ತಿದ್ದಾರೆ, ದಾರಿ ಬಿಡು. ಇಷ್ಟೇ ನಮ್ಮ ಭಾಷೆ. ಹತ್ತು ವರ್ಷ ಇಷ್ಟರಲ್ಲೇ ಜಗಳವನ್ನೂ ಆಡಿದ್ದೇವೆ. ಸಿಟ್ಟು ಬಂದಾಗ ನಾನು ಬೇಕೆಂದೇ ಎಣ್ಣೆ ಎಣ್ಣೆ ಎಂದು ಎಳೆಯುತ್ತಿದ್ದೆ, ಹಿಂದೆ ನೀಲಿ ಹೊಗೆ ಎದ್ದು ಊರೆಲ್ಲ ಕೆಮ್ಮುತ್ತಿತ್ತು. ಗಾಡಿ ನಿಂತಾಗ ಮಾತ್ರ ಆ ಸ್ಕ್ರೂಡ್ರೈವರ್ ಬಾಯಿಗೆ ಹೋಗುತ್ತಿತ್ತು. ಕಿವಿಯ ಬಾಗಿಲು ಮುಚ್ಚಿದವರಿಗೆ ಎಲುಬಿನ ಹಿತ್ತಿಲ ಬಾಗಿಲು ತೆರೆದಿರುತ್ತದೆ ಎಂದು ಅವನೇ ಕಂಡುಕೊಂಡದ್ದು.

ಮನೆಯ ಮಕ್ಕಳಿಗೆ ಹೇಳಬೇಡ ಎಂದಿದ್ದ. ಮಕ್ಕಳ ಬಾಯಿಂದ ಬೀದಿಗೆ, ಬೀದಿಯಿಂದ ಆಫೀಸಿಗೆ. ನಿನಗೆ ಆರು ವರ್ಷವಾದಾಗ ಜ್ವರ ಬಂದು ಹೋಗಿಬಿಟ್ಟ. ಆಮೇಲೆ ನಿನ್ನ ಅಮ್ಮ ಅವನ ಮಾತೇ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಾಯಬೇಕಾದ ಮನೆ ಬಿದ್ದುಹೋದ ಮೇಲೂ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ ಹಾಗಾಯಿತು ನನ್ನದು.

ನೀನು ಬಾಗಿಲಿನಿಂದ ಕರೆದದ್ದು ಅವನಿಗೆ ಕೇಳಿಸಲಿಲ್ಲ ಮಗಳೇ. ಕೇಳಿಸಿದ್ದು ಯಾವುದು ಗೊತ್ತೇ? ನಿನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ನೆತ್ತಿಗೆ ಗಲ್ಲ ಊರುತ್ತಿದ್ದ ಎಂದೆಯಲ್ಲ, ಅದು ಮುದ್ದಿಗಷ್ಟೇ ಅಲ್ಲ. ನೀನು ಅಲ್ಲಿ ಕೂತು ಒಂದೇ ಸಮನೆ ವಟವಟ ಎನ್ನುತ್ತಿದ್ದೆ. ನಿನ್ನ ತಲೆಯಿಂದ ಅವನ ಗಲ್ಲದ ಎಲುಬಿಗೆ ಆ ಮಾತು ಹತ್ತುತ್ತಿತ್ತು. “ನನ್ನ ಗುಬ್ಬಿ ಚಿಲಿಪಿಲಿ ಅಂತಾಳೆ, ಎಲ್ಲಾ ಕೇಳ್ಸುತ್ತೆ ನಂಗೆ,” ಎನ್ನುತ್ತಿದ್ದ. ಹಕ್ಕಿಗಳೆಲ್ಲ ಹೋದ ಮೇಲೆ ಉಳಿದದ್ದು ನೀನೊಬ್ಬಳು. ಆ ಹೆಸರು ನಿನಗೆ ಬಂದದ್ದು ಹಾಗೆ.

ಮಾರ್ಚಿನಲ್ಲಿ ನಾನು ಬೈದು ಬರೆದ ಕಾಗದವೂ ಗೋಡೆಯ ಮೇಲಿದ್ದರೆ ತೆಗೆದು ಕಾರ್ಬುರೇಟರ್ ಒರೆಸಲು ಬಳಸು. ಕಾಗದ ದಪ್ಪಗಿದೆ, ಬೇರೆ ಗುಣವಿಲ್ಲ.

ಇನ್ನು ನೀನು ಮಾಡಬೇಕಾದ್ದು ಎರಡು. ಡಾಕ್ಟರು ಈಗಿನ ಕಾಲದಲ್ಲಿ ಏನು ಮಾಡಬಹುದು ಎನ್ನುತ್ತಾರೋ ಕೇಳು. ಅಣ್ಣನ ಕಾಲಕ್ಕೆ ಏನೂ ಇರಲಿಲ್ಲ, ಈಗ ಇದ್ದರೆ ಹಟ ಮಾಡಬೇಡ. ಎರಡನೆಯದು, ತೊಟ್ಟಿಲಿಗೆ ಎರಡು ಕಿವಿಯಿರುವ ಮನುಷ್ಯ ಬೇಕು. ನಿನ್ನ ತಮ್ಮನಿಗೆ ಹೇಳು. ಪಂದ್ಯ ಕಟ್ಟಿದವನೇ ಹಗ್ಗ ಹಿಡಿಯಲಿ.

ನಿನ್ನ ಅತ್ತೆ

*

ಮೇ ೨೫

ಅತ್ತೆ,

ತಮ್ಮನಿಗೆ ನನ್ನ ಕಿವಿಯ ವಿಷಯ ಹೇಳಿ, ನಿಮ್ಮ ಕಾಗದವನ್ನು ಅವನ ಕೈಗೆ ಕೊಟ್ಟು ಎದುರಿಗೆ ಕೂತೆ. ಅವನು ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದ. ಆಮೇಲೆ ನನ್ನ ಮುಖಕ್ಕೆ ನೇರವಾಗಿ ತಿರುಗಿ, ಒಂದೊಂದೇ ಪದ ಬಿಡಿಸಿ, “ಹಾಗಾದ್ರೆ ಎರಡು ವರ್ಷದಿಂದ ನಾನು ಹಿಂದಿನಿಂದ ಬೈದಿದ್ದೆಲ್ಲ ದಂಡ,” ಎಂದ. ಅವನು ಈಗ ನನ್ನೊಡನೆ ಮಾತಾಡುವಾಗ ಬೆಳಕಿನ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಯಾರೂ ಹೇಳಿಕೊಟ್ಟದ್ದಲ್ಲ.

ಭಾನುವಾರ ಹೊರಟೆವು. ಅಪ್ಪನ ಕೋಟು ನನಗೆ ಭುಜದಲ್ಲಿ ದೊಗಲೆ. ಹೊಸ ಹಗ್ಗ ಕಟ್ಟಿದೆ. ತಮ್ಮ ತೊಟ್ಟಿಲಲ್ಲಿ ಮಂಡಿ ಮಡಚಿ ಕೂತು, ಒಂದು ಎಣ್ಣೆ, ಎರಡು ಕಿಡಿ ಎಂದು ಗೊಣಗುತ್ತಿದ್ದದ್ದು ಅವನ ತುಟಿಯಲ್ಲಿ ಕಾಣುತ್ತಿತ್ತು. ಗೇಟು ದಾಟಿದೆವು. ಅಲ್ಲಿಂದ ದಿಬ್ಬವಿದೆ. ಅರ್ಧಕ್ಕೆ ಹೋಗುವಾಗ ತೋಳು ಎರಡು ಸಲ ಜಗ್ಗಿತು. ಲಿವರ್ ಹಿಂದಕ್ಕೆ ತಂದೆ. ಪಾದದ ಕೆಳಗೆ ನಡುಕ ಮೆತ್ತಗಾಯಿತು. ಅಪ್ಪನಿಗೆ ಹೀಗೇ ಆಗುತ್ತಿತ್ತಲ್ಲವೇ ಎಂದು ಅಂದುಕೊಳ್ಳುವಷ್ಟರಲ್ಲಿ ಮೂರು ಸಲ ಜಗ್ಗಿತು. ನಡುರಸ್ತೆಯಲ್ಲಿ ಗಕ್ಕನೆ ನಿಲ್ಲಿಸಿ ತಿರುಗಿ ನೋಡಿದರೆ ತಮ್ಮ ಮೂಗು ಒರೆಸಿಕೊಳ್ಳುತ್ತಿದ್ದಾನೆ. ಸೀನು ಬಂತಂತೆ. ಹಗ್ಗ ಕೈಯಲ್ಲಿತ್ತಂತೆ.

ಬೇಕರಿಯವರೆಗೆ ಹೋದೆವು. ಬನ್ನು ತಿಂದೆವು. ಹಿಂದಿರುಗಿ ಬಂದೆವು. ಗೇಟಿನ ಒಳಗೆ ನಿಲ್ಲಿಸಿದ ಮೇಲೆ ಅವನು ಇಳಿಯದೆ ಕೂತೇ ಇದ್ದ. “ಪಂದ್ಯ ಕಟ್ಟಿದ್ದೂ ನಾನೇ, ಗೆಲ್ಲಿಸಿದ್ದೂ ನಾನೇ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ,” ಎಂದ. ಮಾರನೆಯ ದಿನ ಹೋಟೆಲಿನವರು ಬಂದಾಗ ಅವನೇ ಬಾಗಿಲಿಗೆ ಹೋಗಿ, “ಗಾಡಿ ಸಿಗಲ್ಲ ಸಾರ್, ಓಡಾಟದಲ್ಲಿದೆ,” ಎಂದು ಕಳಿಸಿದ.

ಡಾಕ್ಟರಿಗೆ ಅಜ್ಜಿಯದು, ಅಪ್ಪನದು ಎಲ್ಲ ಹೇಳಿದೆ. ಒಂದು ಕಿವಿಗೆ ಆಪರೇಷನ್ ಮಾಡಬಹುದಂತೆ, ಸರಿಹೋಗುವ ಸಾಧ್ಯತೆ ಚೆನ್ನಾಗಿದೆಯಂತೆ, ಖಾತ್ರಿ ಯಾರೂ ಕೊಡುವುದಿಲ್ಲವಂತೆ. ಆಗಸ್ಟ್‌ಗೆ ಒಪ್ಪಿಕೊಂಡಿದ್ದೇನೆ. ಯಜಮಾನರಿಗೂ ಹೇಳಿದೆ. ಅವರು, “ಹಲ್ಲಿಗೆ ಕಿವಿ ಯಾಕಮ್ಮಾ,” ಎಂದು ಕೈಗೆ ಮುಂದಿನ ಕೆಲಸ ಕೊಟ್ಟರು.

ಅದಕ್ಕೂ ಮೊದಲು ಒಂದು ದಾರಿ ಹೋಗುವುದಿದೆ. ಜೂನ್ ಎರಡನೆಯ ಭಾನುವಾರ ನಾವಿಬ್ಬರೂ ಗಾಡಿಯಲ್ಲಿ ನಿಮ್ಮ ಮನೆಗೆ ಬರುತ್ತೇವೆ. ಬಾಗಿಲಲ್ಲಿ ನಿಂತು ಕರೆಯಬೇಡಿ ಅತ್ತೆ. ಎದುರಿಗೆ ಬನ್ನಿ.

ಗುಬ್ಬಿ

*

ಜೂನ್ ೧

ಗುಬ್ಬಿ,

ನೀವು ತಿರುವಿಗೆ ಬರುವ ಮೊದಲೇ ನನಗೆ ಗೊತ್ತಾಗುತ್ತದೆ. ಮಂಡಿ ಕೆಟ್ಟಿದೆ, ಕಿವಿ ಕೆಟ್ಟಿಲ್ಲ. ಆ ಸದ್ದು ಕೇಳಿದ ಕೂಡಲೇ ರಸ್ತೆಗೆ ಇಳಿದು ಎದುರಿಗೇ ನಿಂತಿರುತ್ತೇನೆ. ಎಣ್ಣೆ ಸಾಲದೆ ಬಂದರೆ ಮಾತ್ರ ಒಳಗೆ ಬಿಡುವುದಿಲ್ಲ.

ಹೊಲಿಗೆ ಯಂತ್ರಗಳನ್ನೆಲ್ಲ ಹಿಂದಿರುಗಿಸಿ ಆಯಿತು. ಒಂದು ತಿಂಗಳು ಅಂಗಡಿ ಮುಚ್ಚಿರುತ್ತದೆ ಎಂದು ಬಾಗಿಲಿಗೆ ಬರೆದು ಅಂಟಿಸಿದ್ದೇನೆ. ಹಳೆಯ ಕಪ್ಪು ಕನ್ನಡಕ ಸಿಕ್ಕಿತು, ಒಂದು ಗಾಜು ಬಿರುಕು, ಪರವಾಗಿಲ್ಲ. ತೊಟ್ಟಿಲಿನ ಸೀಟಿಗೆ ಹೊಸ ದಿಂಬು ಹೊಲಿದಿಟ್ಟಿದ್ದೇನೆ, ನನ್ನ ಅಳತೆಗೆ.

ನಿನ್ನ ತಮ್ಮ ಸೀನುವವನು. ಹಿಂದಿರುಗುವಾಗ ಅವನು ಬಸ್ಸಿನಲ್ಲಿ ಬರಲಿ.

ಅತ್ತೆ